ನೆಟ್ಟಿನ ಎರಡೂ ಕಡೆ ಪ್ರಾರ್ಥನೆ: ಕಾಲೇಜು ವಾಲಿಬಾಲ್ ಆಡುವ ಕ್ರೈಸ್ತ ಯುವಜನರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ಬೆಳಗಾಗುವ ಮೊದಲೇ ಹಾಸ್ಟೆಲಿನಿಂದ ಹೊರಟು, ಅಂಕಣ ಗುಡಿಸಿ, ನೆಟ್ ಕಟ್ಟಿ, ಅಭ್ಯಾಸ ಮುಗಿಸಿ ಒಂಬತ್ತರ ತರಗತಿಗೆ ಓಡುವವರು ನೀವು. ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕಿದ ದಿನ ಮನೆಯವರನ್ನೆಲ್ಲ ಕೂರಿಸಿ ಜಪಮಾಲೆ ಹೇಳಿಸಿದ ಅಮ್ಮಂದಿರ ಮಕ್ಕಳು. ಪಂದ್ಯಕ್ಕೆ ಮೊದಲು ಕತ್ತಿನ ಶಿಲುಬೆ ಸರ ಬಿಚ್ಚಿ ಬ್ಯಾಗಿನ ಒಳಜೇಬಿನಲ್ಲಿ ಜೋಪಾನವಾಗಿಟ್ಟು ಆಡಲು ಇಳಿಯುವವರು. ನೀವು ಕಥೋಲಿಕರೋ, ಸಿ.ಎಸ್.ಐ. ಸಭೆಯವರೋ, ಪೆಂತೆಕೋಸ್ತಿನವರೋ ಎಂದು ನಾನು ಕೇಳುವುದಿಲ್ಲ. ಚೆಂಡಿನ ಮೇಲೂ ದೇವರ ಮೇಲೂ ಒಟ್ಟಿಗೆ ಪ್ರೀತಿ ಇರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಲೇಜು ತಂಡದಲ್ಲಿ ಆಡಿದವನು. ಆಮೇಲೆ ಬಹಳ ವರ್ಷ ಕರಾವಳಿಯ ಚರ್ಚ್ ಮೈದಾನಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಬಾವುಟ ಹಿಡಿದು ಗೆರೆ ಕಾಯ್ದೆ. ಗೆರೆ ಕಾಯುವವನಿಗೆ ಸರ್ವಿಸ್ ಮಾಡುವವರ ಮುಖ ಬಹಳ ಹತ್ತಿರದಿಂದ ಕಾಣುತ್ತದೆ. ರೆಫರಿ ಸೀಟಿ ಊದಿದ ಮೇಲೆ ನಿಮಗೆ ಸಿಗುವುದು 8 ಸೆಕೆಂಡು. ಅಷ್ಟರಲ್ಲೇ ನಿಮ್ಮಲ್ಲಿ ಹಲವರು ಹಣೆ, ಎದೆ, ಭುಜ ಮುಟ್ಟಿಕೊಂಡು ಅರೆಗಳಿಗೆ ಕಣ್ಣು ಮುಚ್ಚುತ್ತೀರಿ. ಆಗ ದೇವರ ಹತ್ತಿರ ಏನು ಕೇಳುತ್ತೀರಿ? ಪಾಯಿಂಟು ಕೇಳುವುದಾದರೆ ಬೇಡ, ಬೇರೇನಾದರೂ ಕೇಳಿ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ಮೊದಲು ಈ ಆಟ ಹುಟ್ಟಿದ ಮನೆಯ ವಿಚಾರ. ನಿಮಗೆ ಇದನ್ನು ಯಾರಾದರೂ ಹೇಳಿದ್ದಾರೋ ಇಲ್ಲವೋ, ವಾಲಿಬಾಲ್ ಹುಟ್ಟಿದ್ದೇ ಒಂದು ಕ್ರೈಸ್ತ ಸಂಘದ ಕಟ್ಟಡದಲ್ಲಿ. ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಜಾರ್ಜ್ ವಿಲಿಯಮ್ಸ್ 1844ರಲ್ಲಿ ಗೆಳೆಯರನ್ನು ಸೇರಿಸಿಕೊಂಡು ವೈ.ಎಂ.ಸಿ.ಎ. ಕಟ್ಟಿದರು. ಕೆಲಸ ಹುಡುಕಿ ಪಟ್ಟಣಕ್ಕೆ ಬಂದು ಒಂಟಿಯಾಗಿದ್ದ ಹುಡುಗರಿಗೆ ಪ್ರಾರ್ಥನೆ, ಓದು, ಒಳ್ಳೆಯ ಸಹವಾಸ ಒದಗಲಿ ಎಂಬುದು ಅದರ ಆಸೆ. ಸಂಘ ಅಮೆರಿಕದಲ್ಲಿ ಬೆಳೆಯುತ್ತ ವ್ಯಾಯಾಮ ಶಾಲೆಗಳನ್ನೂ ತೆರೆಯಿತು. ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಅದರ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ 1891ರಲ್ಲಿ ಬಾಸ್ಕೆಟ್‌ಬಾಲ್ ಹುಟ್ಟುಹಾಕಿದರು. ಅದೇ ಶಾಲೆಯಲ್ಲಿ ಕಲಿತ ವಿಲಿಯಂ ಮಾರ್ಗನ್ ಪಕ್ಕದ ಹೋಲ್ಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ವ್ಯಾಯಾಮ ನಿರ್ದೇಶಕರಾದರು. ಅಲ್ಲಿಗೆ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಿಗಳಿಗೆ ಬಾಸ್ಕೆಟ್‌ಬಾಲಿನ ಓಟ, ನೂಕಾಟ ತಾಳಿಕೊಳ್ಳಲು ಆಗುತ್ತಿರಲಿಲ್ಲ. ಅವರಿಗಾಗಿ ಮಾರ್ಗನ್ 1895ರಲ್ಲಿ ಟೆನಿಸ್ ನೆಟ್ಟನ್ನು 6 ಅಡಿ 6 ಇಂಚು ಎತ್ತರಕ್ಕೆ ಕಟ್ಟಿ, ಎರಡು ಕಡೆಯೂ ಜನರನ್ನು ನಿಲ್ಲಿಸಿ, ಚೆಂಡು ನೆಲ ಮುಟ್ಟದಂತೆ ಕೈಯಲ್ಲಿ ಹೊಡೆದಾಡುವ ಆಟ ಮಾಡಿಕೊಟ್ಟರು. ಅವರು ಇಟ್ಟ ಹೆಸರು ಮಿಂಟೊನೆಟ್. ಮರುವರ್ಷ ಸ್ಪ್ರಿಂಗ್‌ಫೀಲ್ಡಿನಲ್ಲಿ ಆಟವನ್ನು ತೋರಿಸಿದಾಗ ವಾಲಿಬಾಲ್ ಎಂಬ ಹೆಸರು ಬಂತು.

ಮಾರ್ಗನ್ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಹಿಂದೆ ಬಿದ್ದವರನ್ನು ಕಂಡು, ಅವರಿಗೂ ಆಡುವ ಸಂತೋಷ ಸಿಗಲಿ ಎಂದು ಅವರು ಎದುರಾಳಿಯ ಮೈ ಮುಟ್ಟದೆ ಆಡುವ ಆಟವೊಂದನ್ನು ರೂಪಿಸಿದರು. ಬೈಬಲ್ ಓದಿದವರು ಮಾಡಬೇಕಾದ ಕೆಲಸ ಅದು. ಅವರು ಆಟದ ನಿಯಮಗಳಲ್ಲಿ ಉಪದೇಶ ಸೇರಿಸಲಿಲ್ಲ, ನಿಯಮಗಳನ್ನೇ ಮನುಷ್ಯರಿಗೆ ಹಿತವಾಗುವಂತೆ ಬರೆದರು.

ಆಟ ಭಾರತಕ್ಕೆ ಬಂದದ್ದೂ ವೈ.ಎಂ.ಸಿ.ಎ. ಜನರ ಜೊತೆಗೇ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ವೈ.ಎಂ.ಸಿ.ಎ. ಶಾಲೆ ತೆರೆದರು. ಈ ದೇಶದಲ್ಲಿ ಪಿ.ಟಿ. ಮೇಷ್ಟರ ವೃತ್ತಿಗೆ ಶಾಸ್ತ್ರೀಯ ತರಬೇತಿ ಶುರುವಾದದ್ದು ಅಲ್ಲಿಂದ. ಅಲ್ಲಿ ಕಲಿತವರೆಲ್ಲ ಕ್ರೈಸ್ತರಾಗಿರಲಿಲ್ಲ. ಹೊರಬಂದ ಮೇಲೆ ಅವರು ದಕ್ಷಿಣದ ಊರೂರ ಶಾಲೆಗಳಲ್ಲಿ ನೆಟ್ ಕಟ್ಟಿಸಿದರು. ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಕಲಿಸಿದವರನ್ನು, ಅವರಿಗೆ ಕಲಿಸಿದವರನ್ನು ಹುಡುಕುತ್ತ ಹೋದರೆ ಎಲ್ಲೋ ಒಂದು ಕಡೆ ಬಕ್ ಅವರ ಶಿಷ್ಯರೊಬ್ಬರು ಸಿಕ್ಕರೆ ಆಶ್ಚರ್ಯಪಡಬೇಡಿ.

ಇಷ್ಟೆಲ್ಲ ಹೇಳಿದ್ದು ಆಟ ನಮ್ಮದು ಎಂದು ನೀವು ಎದೆ ಉಬ್ಬಿಸಲಿ ಎಂದಲ್ಲ. ಕೊಟ್ಟವರು ಲೆಕ್ಕ ಕೇಳದೆ ಕೊಟ್ಟರು ಎಂಬುದು ನಿಮಗೆ ಗೊತ್ತಿರಲಿ ಎಂದು. ನಮ್ಮ ಕರಾವಳಿಯ ಚರ್ಚ್ ಮೈದಾನಗಳಲ್ಲಿ ಇವತ್ತಿಗೂ ಆ ಗುಣ ಉಳಿದಿದೆ. ಹಬ್ಬದ ಸಮಯದಲ್ಲಿ ಕಥೋಲಿಕ ಯುವ ಸಂಘಟನೆಯಾದ ಐ.ಸಿ.ವೈ.ಎಂ. ಹುಡುಗರು ಪಂದ್ಯಾಟ ಇಟ್ಟರೆ ಭಜನಾ ಮಂಡಳಿಯ ತಂಡ ಬರುತ್ತದೆ, ಮಸೀದಿ ಪಕ್ಕದ ಗಲ್ಲಿಯ ತಂಡ ಬರುತ್ತದೆ, ಮೀನುಗಾರರ ತಂಡ ಬರುತ್ತದೆ. ಎಲ್ಲರೂ ಒಂದೇ ಡ್ರಮ್ಮಿನ ನೀರು ಕುಡಿಯುತ್ತಾರೆ. ಅಲ್ಲಿ ನೆಟ್ಟಿನ ಒಂದು ಕಡೆಯವರು ಶಿಲುಬೆಯ ಗುರುತು ಹಾಕಿದರೆ ಇನ್ನೊಂದು ಕಡೆಯವರು ಅಂಕಣದ ಗೆರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇಬ್ಬರೂ ಕೇಳುವುದು ಅದೇ ಪಾಯಿಂಟು. ದೇವರನ್ನು ಅಂಥ ಇಕ್ಕಟ್ಟಿಗೆ ಸಿಕ್ಕಿಸುವುದು ನನಗೆ ಸರಿಕಾಣುವುದಿಲ್ಲ.

ಈಚಿನ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಕಾಲೇಜು ಹುಡುಗಿಯರ ವಾಲಿಬಾಲ್ ಎಷ್ಟು ದೊಡ್ಡದೆಂದರೆ, 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪಂದ್ಯವೊಂದನ್ನು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿಸಿದಾಗ 92,003 ಜನ ಸೇರಿದ್ದರು. ಆ ತಂಡದ ನಾಯಕಿಯರಲ್ಲಿ ಒಬ್ಬರು ಮೆರಿಟ್ ಬೀಸನ್. ಅಲಬಾಮಾದ ಹುಡುಗಿ. ಮೊದಲು ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಆಡಿ, 2023ರಲ್ಲಿ ನೆಬ್ರಾಸ್ಕಾಕ್ಕೆ ಬಂದವರು. ತನ್ನ ಕ್ರೈಸ್ತ ನಂಬಿಕೆಯನ್ನು ಮುಚ್ಚಿಡದೆ, ಮೈಕಿನ ಮುಂದೆಯೂ ಹೇಳಿಕೊಳ್ಳುವ ಆಟಗಾರ್ತಿ. ಅವರ ತಂಡ ಆ ಋತುವಿನಲ್ಲಿ ಸೋಲು ಅನ್ನುವುದನ್ನೇ ಅಪರೂಪ ಮಾಡಿಬಿಟ್ಟಿತ್ತು. ಡಿಸೆಂಬರಿನಲ್ಲಿ ನಡೆದ ರಾಷ್ಟ್ರೀಯ ಕಾಲೇಜು ಕೂಟದ ಫೈನಲ್ಲಿನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎದುರು ಒಂದು ಸೆಟ್ಟೂ ಗೆಲ್ಲದೆ ಸೋತಿತು. ಮರುವರ್ಷ ಬೀಸನ್ ಅವರ ಕೊನೆಯ ಕಾಲೇಜು ವರ್ಷ. ಸೆಮಿಫೈನಲ್ಲಿನಲ್ಲಿ ಪೆನ್ ಸ್ಟೇಟ್ ಎದುರು ಮೊದಲ ಎರಡು ಸೆಟ್ ಗೆದ್ದಿದ್ದರು. ಮೂರನೆಯದು ಹೋಯಿತು, ಕೈಗೆ ಬಂದಿದ್ದ ನಾಲ್ಕನೆಯದು ಹೋಯಿತು, ಐದನೆಯದು 13–15ಕ್ಕೆ ಹೋಯಿತು. ಅವರ ಕಾಲೇಜು ಆಟ ಅಲ್ಲಿಗೆ ಮುಗಿಯಿತು.

ಈಗ ನೆಟ್ಟಿನ ಆಚೆ ಕಡೆ ನೋಡಿ. ಪೆನ್ ಸ್ಟೇಟ್ ತಂಡದ ತರಬೇತುದಾರರು ಕೇಟಿ ಶುಮಾಕರ್-ಕಾಲಿ. ಆ ವರ್ಷವೇ ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ಕಿಮೋಥೆರಪಿ ತೆಗೆದುಕೊಳ್ಳುತ್ತಲೇ ತಂಡವನ್ನು ನಡೆಸಿದರು. ಫೈನಲ್ಲಿನಲ್ಲಿ ಲೂಯಿವಿಲ್ ತಂಡವನ್ನು ಸೋಲಿಸಿ, ಆ ಕೂಟದ ಮಹಿಳಾ ವಾಲಿಬಾಲ್ ಪ್ರಶಸ್ತಿ ಗೆದ್ದ ಮೊದಲ ಮಹಿಳಾ ಮುಖ್ಯ ತರಬೇತುದಾರರೆನಿಸಿಕೊಂಡರು. ಅವರಿಗಾಗಿಯೂ ಎಷ್ಟೋ ಮನೆಗಳಲ್ಲಿ ಜನ ಮೊಣಕಾಲೂರಿರಬೇಕು. ಹಾಗಾದರೆ ಆ ರಾತ್ರಿ ಯಾರ ಪ್ರಾರ್ಥನೆ ಮೇಲಕ್ಕೆ ಮುಟ್ಟಿತು, ಯಾರದ್ದು ಮುಟ್ಟಲಿಲ್ಲ? ನೆಬ್ರಾಸ್ಕಾ ಹುಡುಗಿಯರ ವಿಶ್ವಾಸ ಎರಡು ಪಾಯಿಂಟಿನಷ್ಟು ಕಡಿಮೆಯಿತ್ತೇ? ಹಾಗೆ ಲೆಕ್ಕ ಹಾಕಲು ಹೊರಟರೆ ನಾವು ಪೂಜಿಸುವುದು ಯೇಸುವಿನ ತಂದೆಯನ್ನಲ್ಲ, ಒಬ್ಬ ಪಕ್ಷಪಾತಿ ರೆಫರಿಯನ್ನು.

ಗೆದ್ದ ಮೇಲೆ ದೇವರಿಗೆ ಸ್ತೋತ್ರ ಹೇಳಬೇಡಿ ಎಂದು ನಾನು ಹೇಳುತ್ತಿಲ್ಲ. ಹೇಳಿ, ಮನತುಂಬಿ ಹೇಳಿ. ಆದರೆ ಸೋತ ದಿನವೂ ಅಷ್ಟೇ ಬಾಯಿಬಿಟ್ಟು ಹೇಳಲು ಆಗುತ್ತದೆಯೇ ನೋಡಿಕೊಳ್ಳಿ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಓಟಗಾರರ ಮಾತು ಬರುವುದು ನಿಮಗೆ ಗೊತ್ತು. ಆ ಪಟ್ಟಣದ ಹತ್ತಿರವೇ ಇಸ್ತಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರ ತಲೆಗೆ ಕಟ್ಟುತ್ತಿದ್ದದ್ದು ಎಲೆಗಳ ಕಿರೀಟ, ನಾಲ್ಕು ದಿನದಲ್ಲಿ ಒಣಗುವಂಥದ್ದು. ಪೌಲರು ಓಟಗಾರರ ಶಿಸ್ತನ್ನು ಮೆಚ್ಚಿದರು, ಕಿರೀಟದ ಬೆಲೆಯನ್ನು ಮಾತ್ರ ಬೇರೆಯಾಗಿ ಕಟ್ಟಿದರು. ಪೌಲರ ಆ ತೂಕವೇ ನನಗೆ ಸರಿ ಎನಿಸುತ್ತದೆ.

ಪಾಯಿಂಟು ಬೇಡದಿದ್ದರೆ ಏನು ಕೇಳುವುದು? ಮೊಣಕಾಲು ಉಳಿಯಲಿ ಎಂದು ಕೇಳಿ, ನಿಮ್ಮದೂ ಎದುರಿನವರದ್ದೂ. ತಪ್ಪು ಮಾಡಿದ ಜೊತೆಗಾರನನ್ನು ದುರುಗುಟ್ಟಿ ನೋಡದಿರುವ ತಾಳ್ಮೆ ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ಬೆರಳಿಗೆ ಚೆಂಡು ತಾಗಿದಾಗ ತಾಗಿತು ಎಂದು ಹೇಳುವ ಧೈರ್ಯ ಕೇಳಿ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಮಟ್ಟಿಗೆ ಕ್ರೈಸ್ತ ಆಟಗಾರರ ಪರೀಕ್ಷೆ ನಡೆಯುವ ಜಾಗ ಅದೇ. ಅಟ್ಯಾಕರ್ ಹೊಡೆದ ಚೆಂಡು ಬ್ಲಾಕಿಗೆ ಎತ್ತಿದ ಕೈಯ ಬೆರಳ ತುದಿಗೆ ಒಂದಿಷ್ಟೇ ಸವರಿ ಗೆರೆಯಾಚೆ ಬೀಳುತ್ತದೆ. ಸವರಿದ್ದರೆ ಪಾಯಿಂಟು ಹೊಡೆದವರಿಗೆ, ಸವರದಿದ್ದರೆ ನಿಮಗೆ. ಎತ್ತರದಲ್ಲಿ ನಿಂತ ರೆಫರಿಗೆ ಕಾಣಲಿಲ್ಲ. ನನ್ನಂಥ ಗೆರೆ ಕಾಯುವವನಿಗೆ ಕೋನ ಸಿಗಲಿಲ್ಲ. ದೊಡ್ಡ ಕೂಟಗಳಲ್ಲಾದರೆ ವಿಡಿಯೊ ಇದೆ. ಅಂತರ ಕಾಲೇಜು ಪಂದ್ಯಾಟದ ಮಣ್ಣಿನ ಅಂಕಣದಲ್ಲಿ ಏನೂ ಇಲ್ಲ. ಚೆಂಡು ತಾಗಿದ್ದು ಆ ಬೆರಳಿಗೆ ಗೊತ್ತು, ಬೆರಳಿನ ಒಡೆಯನಿಗೆ ಗೊತ್ತು, ದೇವರಿಗೆ ಗೊತ್ತು. ಅಂಕ 23–24 ಆಗಿರುತ್ತದೆ. ಹಿಂದಿನಿಂದ ಇಡೀ ಕಾಲೇಜು ಕೂಗುತ್ತಿರುತ್ತದೆ. ಆಗ ನೀವು ಕೈ ಎತ್ತಿ ‘ಟಚ್, ಸರ್’ ಅಂದರೆ ಸೆಟ್ ಹೋಗುತ್ತದೆ.

ಹಾಗೆ ಕೈ ಎತ್ತಿದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕ್ರೈಸ್ತರೂ ಇದ್ದರು, ಅಲ್ಲದವರೂ ಇದ್ದರು. ಕೈ ಎತ್ತದೆ, ಮುಂದಿನ ಸರ್ವಿಸಿಗೆ ಶಿಲುಬೆಯ ಗುರುತು ಹಾಕಿಕೊಂಡವರನ್ನೂ ನೋಡಿದ್ದೇನೆ. ಅದನ್ನು ನೋಡಿದಾಗ ಆಗುವ ಸಂಕಟವನ್ನು ನಿಮಗೆ ಹೇಗೆ ವಿವರಿಸಲಿ? ಕದ್ದ ಪಾಯಿಂಟಿನ ಮೇಲೆ ಆಶೀರ್ವಾದ ಕೇಳಿದಂತೆ ಅದು.

ಪ್ರಾಮಾಣಿಕತೆಗೆ ಆಟದ ದೊಡ್ಡವರೂ ಬೆಲೆ ಕೊಡತೊಡಗಿದ್ದಾರೆ. 2023ರ ವಾಲಿಬಾಲ್ ನೇಷನ್ಸ್ ಲೀಗಿನಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಹಸಿರು ಕಾರ್ಡು ತಂದಿತು. ರೆಫರಿ ಹಿಡಿಯದ ತಪ್ಪನ್ನು ಆಟಗಾರ ತಾನಾಗಿಯೇ ಒಪ್ಪಿಕೊಂಡರೆ ಅವನಿಗೆ ಅದನ್ನು ತೋರಿಸುತ್ತಾರೆ. ಶಿಕ್ಷೆಯ ಕಾರ್ಡುಗಳ ನಡುವೆ ಒಂದು ಮೆಚ್ಚುಗೆಯ ಕಾರ್ಡು. ನಮ್ಮ ಕಾಲೇಜು ಕೂಟಗಳಲ್ಲಿ ಅಂಥದ್ದು ಬರುವ ತನಕ ನೀವು ಕಾಯಬೇಕಿಲ್ಲ. ಋತು ಶುರುವಾಗುವ ಮೊದಲೇ ತಂಡದವರೆಲ್ಲ ಕೂತು ಮಾತಾಡಿಕೊಳ್ಳಿ. ಟಚ್ ಆದರೆ ಹೇಳುತ್ತೇವೆ, ಹೇಳಿದವನನ್ನು ಯಾರೂ ಬೈಯುವುದಿಲ್ಲ ಎಂದು ಒಪ್ಪಂದ ಮಾಡಿಕೊಳ್ಳಿ. ಮೊದಲೇ ಮಾತಾಡದೆ 24ನೇ ಪಾಯಿಂಟಿನಲ್ಲಿ ಒಬ್ಬನೇ ಕೈ ಎತ್ತಿದರೆ ಜೊತೆಗಾರರಿಗೆ ಅದು ದ್ರೋಹದಂತೆ ಕಾಣುತ್ತದೆ. ಅವರ ಸಿಟ್ಟಿಗೂ ಕಾರಣ ಇಲ್ಲದಿಲ್ಲ. ಅವರೂ ಬೆವರು ಸುರಿಸಿದವರೇ.

ಪ್ರಾಮಾಣಿಕತೆಯ ಈ ಮಾತು ಅಂಕಣದ ಹೊರಗಿನ ಸುಳ್ಳುಗಳಿಗೂ ಸಲ್ಲುತ್ತದೆ. ವಯಸ್ಸು ತಿದ್ದಿದ ಪ್ರಮಾಣಪತ್ರ, ಕಾಲೇಜಿಗೆ ಕಾಲಿಡದವನ ಹೆಸರಿನಲ್ಲಿ ಗುರುತಿನ ಚೀಟಿ, ಇನ್ನೊಬ್ಬನ ಜೆರ್ಸಿ ಹಾಕಿ ಆಡುವುದು. ಇಂಥದ್ದಕ್ಕೆ ನಿಮ್ಮನ್ನು ಒಪ್ಪಿಸಲು ದೊಡ್ಡವರೇ ಬರುತ್ತಾರೆ, ಕಾಲೇಜಿನ ಮಾನದ ಹೆಸರು ಹೇಳುತ್ತಾರೆ. ಒಪ್ಪಬೇಡಿ. ಹಾಗೆ ಒಂದು ಸೀಟು ಹೋದಾಗ ನ್ಯಾಯವಾಗಿ ಆಡಬೇಕಾಗಿದ್ದ ಒಬ್ಬ ಹುಡುಗ ಅಥವಾ ಹುಡುಗಿ ಬೆಂಚಿನ ಮೇಲೂ ಇಲ್ಲದೆ ಮನೆಯಲ್ಲಿ ಉಳಿಯುತ್ತಾರೆ.

ಭಾನುವಾರದ ಪ್ರಶ್ನೆಗೆ ಬರುತ್ತೇನೆ. ನಿಮ್ಮಲ್ಲಿ ಬಹಳ ಜನ ಇದರಿಂದ ನೊಂದಿದ್ದೀರಿ. ಪಂದ್ಯಗಳು ಹೆಚ್ಚಾಗಿ ರಜಾದಿನವೇ ಇರುತ್ತವೆ. ಪೂಜೆಗೆ ಹೋದರೆ ತಂಡ ತಪ್ಪುತ್ತದೆ, ತಂಡಕ್ಕೆ ಹೋದರೆ ಮನೆಯಲ್ಲಿ ಮಾತು ಕೇಳಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಿದ್ದದ್ದರಿಂದ ಅದನ್ನು ಬಿಟ್ಟರು. ಆಮೇಲೆ 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಇಷ್ಟು ಕತೆಯನ್ನು ಎಲ್ಲ ಸಂಡೇ ಸ್ಕೂಲುಗಳಲ್ಲೂ ಹೇಳುತ್ತಾರೆ. ಚಿನ್ನ ಬಂತಲ್ಲ, ಅದಕ್ಕೆ ಹೇಳುತ್ತಾರೆ. ಚಿನ್ನ ಬಾರದಿದ್ದರೂ ಅವರ ತೀರ್ಮಾನ ಅಷ್ಟೇ ದೊಡ್ಡದಾಗಿರುತ್ತಿತ್ತು. ಅವರ ಬದುಕಿನ ಉಳಿದ ಭಾಗ ಚೀನಾದಲ್ಲಿ ಮಿಷನರಿಯಾಗಿ ಕಳೆಯಿತು. ಜಪಾನೀಯರ ಬಂಧನ ಶಿಬಿರದಲ್ಲಿ 1945ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದನ್ನೂ ಮಕ್ಕಳಿಗೆ ಹೇಳಬೇಕು.

ಲಿಡೆಲ್ ಅವರಂತೆ ನಿಮ್ಮ ಮನಸ್ಸಾಕ್ಷಿಯೂ ಕಟ್ಟುನಿಟ್ಟಾಗಿ ಹೇಳಿದರೆ ಅದನ್ನು ಕೇಳಿ. ಆದರೆ ತಂಡದವರಿಗೆ ಪಂದ್ಯದ ಹಿಂದಿನ ದಿನ ಹೇಳಬೇಡಿ. ಋತುವಿನ ಆರಂಭದಲ್ಲೇ ಹೇಳಿ. ಕಥೋಲಿಕರಿಗೆ ಧರ್ಮಸಭೆಯೇ ದಾರಿ ಬಿಟ್ಟಿದೆ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೆ ಭಾನುವಾರದ ಕರ್ತವ್ಯ ಪೂರೈಸಿದಂತೆ. ಯಾವ ಊರಿಗೆ ಪಂದ್ಯಕ್ಕೆ ಹೋಗುತ್ತೀರೋ ಅಲ್ಲಿನ ಚರ್ಚಿನ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಇದರ ಜೊತೆಗೆ ಇನ್ನೊಂದು. ನಿಮ್ಮ ಭಾನುವಾರಕ್ಕೆ ತಂಡ ಹೊಂದಿಕೊಳ್ಳಬೇಕೆಂದು ಬಯಸುವ ನೀವು, ರಂಜಾನ್ ತಿಂಗಳಲ್ಲಿ ಉಪವಾಸವಿದ್ದು ಅಭ್ಯಾಸಕ್ಕೆ ಬರುವ ಜೊತೆಗಾರನ ಹೊತ್ತನ್ನೂ ಅಯ್ಯಪ್ಪ ಮಾಲೆ ಹಾಕಿದವನ ವ್ರತವನ್ನೂ ಅಷ್ಟೇ ಗೌರವದಿಂದ ನೋಡಿ. ಪೀಠದಿಂದ ಆಟಗಾರರನ್ನು ಹೆಸರು ಹಿಡಿದು ಗದರುವ ಗುರುಗಳು ಎಲ್ಲಾದರೂ ಇದ್ದರೆ ಅವರಲ್ಲೂ ಒಂದು ವಿನಂತಿ: ಆ ಹುಡುಗನನ್ನು ಕರೆದು ಒಂದು ಲೋಟ ಚಹಾ ಕೊಟ್ಟು ಪಂದ್ಯ ಹೇಗಾಯಿತು ಎಂದು ಕೇಳಿ. 2018ರಲ್ಲಿ ವ್ಯಾಟಿಕನ್ ಕ್ರೀಡೆಯ ಬಗ್ಗೆಯೇ ಒಂದು ದಸ್ತಾವೇಜು ಹೊರಡಿಸಿತು. ಧರ್ಮಸಭೆಗೆ ಮೈದಾನ ಪರಕೀಯ ಜಾಗವಲ್ಲ.

ನಮ್ಮ ನೆರೆಯಲ್ಲೇ ಬೆಳೆದ ಒಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೊಡಗಿನ ಗಡಿಗೆ ಅಷ್ಟೇನೂ ದೂರವಲ್ಲದ, ಕಣ್ಣೂರು ಜಿಲ್ಲೆಯ ಪೇರಾವೂರಿನಲ್ಲಿ 1955ರಲ್ಲಿ ಒಂದು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು ಜಿಮ್ಮಿ ಜಾರ್ಜ್. ಮನೆಯ ಎಂಟು ಮಂದಿ ಗಂಡುಮಕ್ಕಳೂ ವಾಲಿಬಾಲ್ ಆಡುವವರು, ಅಣ್ಣತಮ್ಮಂದಿರೇ ಒಂದು ತಂಡವಾಗಿ ಇಳಿಯುವಷ್ಟು. ಜಿಮ್ಮಿ ಕೇರಳ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಅಂತರ ವಿಶ್ವವಿದ್ಯಾಲಯ ಪ್ರಶಸ್ತಿ ಕೇರಳದಿಂದ ಕದಲಲಿಲ್ಲ. 21ನೇ ವಯಸ್ಸಿಗೆ, 1976ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಕೇರಳ ಪೊಲೀಸಿನಲ್ಲಿ ಕೆಲಸ, ಅಬುಧಾಬಿಯಲ್ಲಿ ಆಟ, ಅಲ್ಲಿಂದ ಇಟಲಿಯ ವೃತ್ತಿಪರ ಲೀಗು. ಭಾರತದಿಂದ ಹಾಗೆ ಹೋಗಿ ಆಡಿದ ಮೊದಲಿಗರು ಅವರೇ. ತೆಹರಾನ್, ಬ್ಯಾಂಕಾಕ್, ಸಿಯೋಲ್ ಎಂದು ಮೂರು ಏಷ್ಯನ್ ಕ್ರೀಡಾಕೂಟ ಆಡಿದರು. 1986ರ ಸಿಯೋಲಿನಲ್ಲಿ ಭಾರತಕ್ಕೆ ಕಂಚು ತಂದ ತಂಡದಲ್ಲಿದ್ದರು. ಮರುವರ್ಷ ನವೆಂಬರ್ 30ರಂದು ಇಟಲಿಯಲ್ಲಿ ಕಾರು ಅಪಘಾತ. ಆಗ ಅವರಿಗೆ 32. ಮಗ ಹುಟ್ಟಿದ್ದು ತಂದೆ ಹೋದ ಮೇಲೆ.

ತಿರುವನಂತಪುರದಲ್ಲಿ ಅವರ ಹೆಸರಿನ ಒಳಾಂಗಣ ಕ್ರೀಡಾಂಗಣವಿದೆ. ಅದರಲ್ಲಿ ವಿಶೇಷವಿಲ್ಲ, ತವರು ತನ್ನ ಮಗನನ್ನು ನೆನೆಯುತ್ತದೆ. ಇಟಲಿಯ ಮೊಂಟಿಕಿಯಾರಿ ಎಂಬ ಊರಿನಲ್ಲೂ ‘ಪಾಲಾಜಾರ್ಜ್’ ಎಂಬ ಕ್ರೀಡಾಂಗಣವಿದೆ. ಪರದೇಶದಿಂದ ಬಂದು ತಮಗಾಗಿ ಆಡಿದ ಈ ಮಲಯಾಳಿಯ ಹೆಸರನ್ನು ಆ ಊರಿನವರು ಅದಕ್ಕೆ ಇಟ್ಟುಕೊಂಡರು. ಜಿಮ್ಮಿಯವರ ಬಳಿ ಒಲಿಂಪಿಕ್ ಪದಕ ಇರಲಿಲ್ಲ, ವಿಶ್ವಕಪ್ ಇರಲಿಲ್ಲ. ಬರೀ ಅಂಕಪಟ್ಟಿ ನೋಡಿ ಯಾರೂ ಕಟ್ಟಡಕ್ಕೆ ಹೆಸರಿಡುವುದಿಲ್ಲ, ಮಕ್ಕಳೇ. ಅವರ ತಮ್ಮ ರಾಬರ್ಟ್ ಬಾಬಿ ಜಾರ್ಜ್ ಟ್ರಿಪಲ್ ಜಂಪ್ ಸ್ಪರ್ಧಿಯಾಗಿದ್ದವರು, ಆಮೇಲೆ ತಮ್ಮ ಪತ್ನಿ ಅಂಜು ಅವರನ್ನು 2003ರ ವಿಶ್ವ ಅಥ್ಲೆಟಿಕ್ಸಿನ ಕಂಚಿನವರೆಗೆ ಕೊಂಡೊಯ್ದ ತರಬೇತುದಾರರು. ಈಗ ಇಬ್ಬರೂ ಬೆಂಗಳೂರಿನಲ್ಲಿ ಮುಂದಿನ ಪೀಳಿಗೆಯ ಜಿಗಿತಗಾರರನ್ನು ಬೆಳೆಸುತ್ತಿದ್ದಾರೆ. ಅವರ ಬಳಿ ಪಳಗಿದ ಶೈಲಿ ಸಿಂಗ್ 2021ರಲ್ಲಿ 20 ವರ್ಷದೊಳಗಿನವರ ವಿಶ್ವ ಕೂಟದ ಉದ್ದಜಿಗಿತದಲ್ಲಿ ಬೆಳ್ಳಿ ಗೆದ್ದರು. ಪೇರಾವೂರಿನ ಆ ಮನೆಯ ಅಂಗಳದಿಂದ ಹೊರಟದ್ದು ಇನ್ನೂ ನಿಂತಿಲ್ಲ.

ಜಿಮ್ಮಿಯವರ ಆಯುಸ್ಸನ್ನು ನೆನೆದಾಗ ನಿಮಗೆ ಹೇಳಬೇಕೆನಿಸುವುದು ಇದು: ಆಟ ಎಷ್ಟು ದಿನ ಎಂದು ಯಾರೂ ಬರೆದುಕೊಡುವುದಿಲ್ಲ. ನಿಮ್ಮಲ್ಲಿ ಬಹುಪಾಲು ಮಂದಿಯ ಆಟ ಪದವಿಯ ಅಂತಿಮ ಪರೀಕ್ಷೆಯ ಜೊತೆಗೇ ಮುಗಿಯುತ್ತದೆ. ಕೆಲವರಿಗೆ ರೈಲ್ವೆಯೋ ಪೊಲೀಸ್ ಇಲಾಖೆಯೋ ಅಂಚೆ ಇಲಾಖೆಯೋ ಸಿಗಬಹುದು. ಈಗ ಪ್ರೈಮ್ ವಾಲಿಬಾಲ್ ಲೀಗ್ ಇದೆ, ಬೆಂಗಳೂರಿಗೂ ಅದರಲ್ಲಿ ತಂಡವಿದೆ. ನಮ್ಮ ಅಶ್ವಲ್ ರೈ ಅವರಂತೆ ದೇಶಕ್ಕೆ ಆಡುವವರೂ ನಿಮ್ಮ ನಡುವಿನಿಂದಲೇ ಬರುತ್ತಾರೆ. ಆದರೂ ಪುಸ್ತಕ ಮುಚ್ಚಿಡಬೇಡಿ. ದೇವರು ನೋಡಿಕೊಳ್ಳುತ್ತಾನೆ ಎಂದು ಹೇಳಿ ಆಂತರಿಕ ಪರೀಕ್ಷೆ ಬಿಡುವುದನ್ನು ವಿಶ್ವಾಸ ಎನ್ನುವುದಿಲ್ಲ.

ಗಾಯದ ಬಗ್ಗೆ. ನೆಗೆದು ಇಳಿಯುವುದೇ ನಿಮ್ಮ ಆಟ, ಹಾಗಾಗಿ ಪೆಟ್ಟು ಬೀಳುವುದೂ ಮೊಣಕಾಲಿಗೆ, ಪಾದದ ಗಂಟಿಗೆ, ಭುಜಕ್ಕೆ. ಮೊಣಕಾಲಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗಿಯರಿಗೆ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಅಂಕಣಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಪ್ರಾರ್ಥನಾ ಕೂಟದಲ್ಲಿ ಕೈಯಿಟ್ಟು ಪ್ರಾರ್ಥಿಸಿದರೆಂದು ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಸೆಮಿಫೈನಲ್ಲಿಗೆ ಇಳಿಯಬೇಡಿ. ಪ್ರಾರ್ಥನೆ ಮಾಡಿಸಿಕೊಳ್ಳಿ, ವೆಲಂಕಣಿಗೆ ಹರಕೆಯನ್ನೂ ಹೊತ್ತುಕೊಳ್ಳಿ, ಮೂಳೆ ತಜ್ಞರು ಹೇಳಿದ ತಿಂಗಳುಗಳನ್ನೂ ಪೂರ್ತಿ ಕಳೆಯಿರಿ. ವೈದ್ಯರ ಕೈಯೂ ದೇವರ ಕೈಯೇ.

ಆ ತಿಂಗಳುಗಳಲ್ಲಿ ಕತ್ತಲು ಕವಿಯುತ್ತದೆ. ತಂಡದ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಹೆಸರು ಬರುವುದು ನಿಲ್ಲುತ್ತದೆ. ದೇವರು ನನಗೇಕೆ ಹೀಗೆ ಮಾಡಿದ ಎಂಬ ಪ್ರಶ್ನೆ ಬಂದರೆ ಹೆದರಬೇಡಿ, ಪಾಪ ಎಂದುಕೊಳ್ಳಬೇಡಿ. ಬೈಬಲಿನ 150 ಕೀರ್ತನೆಗಳಲ್ಲಿ ಎಷ್ಟೋ ಕೀರ್ತನೆಗಳು ಬರೀ ದೂರು, ಅಳು, ಎಲ್ಲಿದ್ದೀಯಪ್ಪಾ ಎಂಬ ಕೂಗು. ಅವುಗಳನ್ನು ಹಾಡಿದವರನ್ನು ಯಾರೂ ಅವಿಶ್ವಾಸಿಗಳೆಂದು ಕರೆಯಲಿಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ ಎಂದಾದರೆ ಗುರುಗಳ ಜೊತೆಗೆ ಆಪ್ತ ಸಮಾಲೋಚಕರನ್ನೂ ಕಾಣಿ. ಎರಡು ಕಡೆಗೂ ಹೋಗುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ತರಬೇತುದಾರರೋ ಅಧಿಕಾರಿಗಳೋ ನಿಮ್ಮ ಮೈಮುಟ್ಟಿ ಅಸಭ್ಯವಾಗಿ ನಡೆದುಕೊಂಡರೆ, ತಂಡದಲ್ಲಿ ಜಾಗ ಬೇಕಾದರೆ ಹೀಗಿರಬೇಕು ಎಂದು ಹೆದರಿಸಿದರೆ, ಅದನ್ನು ಹೊರಬೇಕಾದ ಶಿಲುಬೆ ಎಂದು ಎಂದಿಗೂ ತಿಳಿಯಬೇಡಿ. ಕ್ಷಮಿಸಿಬಿಡು ಎಂದು ಬುದ್ಧಿ ಹೇಳುವವರು ಸಿಗುತ್ತಾರೆ, ಚರ್ಚಿನಲ್ಲೂ ಸಿಗುತ್ತಾರೆ. ಕ್ಷಮೆಯ ವಿಚಾರ ಆಮೇಲೆ. ಮೊದಲು ಮನೆಯಲ್ಲಿ ಹೇಳಿ, ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದು ಕೊಡಿ. 2013ರ ಕಾನೂನಿನ ಪ್ರಕಾರ ಆ ಸಮಿತಿ ಇರಲೇಬೇಕು. ಹುಡುಗಿಯರ ಜೊತೆ ತಂಡದ ಹುಡುಗರು ನಿಲ್ಲಬೇಕು, ಹುಡುಗರಿಗೇ ಹೀಗಾದರೆ ಅವರೂ ಬಾಯಿಬಿಡಬೇಕು. ಯೇಸು ಚಿಕ್ಕವರನ್ನು ನೋಯಿಸುವವರ ಬಗ್ಗೆ ಆಡಿದಷ್ಟು ಕಠಿಣ ಮಾತನ್ನು ಬೇರೆ ಕಡೆ ಆಡಿದ್ದು ಕಡಿಮೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ನಮ್ಮ ಊರುಗಳ ಚರ್ಚ್ ಮೈದಾನಗಳಲ್ಲಿ ಕಂಬ ನೆಟ್ಟಾಗ ಗಂಡಸರ 2.43 ಮೀಟರ್ ಎತ್ತರಕ್ಕೆ ನೆಟ್ ಕಟ್ಟುತ್ತಾರೆ, ಮತ್ತೆ ಅದನ್ನು ಇಳಿಸುವುದೇ ಇಲ್ಲ. ಹೆಣ್ಣುಮಕ್ಕಳ ನೆಟ್ 2.24. ಆ 19 ಸೆಂಟಿಮೀಟರ್ ಯಾರೂ ಇಳಿಸದ ಕಾರಣ ಪಂದ್ಯಾಟದ ದಿನ ಹುಡುಗಿಯರು ಚಹಾ ಹಂಚುವ ಕಡೆ ನಿಂತಿರುತ್ತಾರೆ. ಚಡ್ಡಿ ಹಾಕಿ ಆಡುತ್ತಾರೆಂದು ಗೊಣಗುವ ಹಿರಿಯರೂ ಇದ್ದಾರೆ. ಅವರಿಗೆ ಮರ್ಯಾದೆಯಿಂದಲೇ ಉತ್ತರ ಕೊಡಿ, ಆದರೆ ಉತ್ತರ ಕೊಡಿ. ಕಾಲೇಜಿನಲ್ಲಿ ಕಲಿತ ಆಟ ನಿಮ್ಮ ಕೈಯಲ್ಲಿದೆ. ಈ ಕ್ರಿಸ್ಮಸ್ ರಜೆಗೆ ಊರಿಗೆ ಹೋದಾಗ ನಿಮ್ಮ ಗುರುಗಳನ್ನು ಕಂಡು ಅನುಮತಿ ಕೇಳಿ, ವಾರಕ್ಕೆರಡು ಸಂಜೆ ನೆಟ್ ಇಳಿಸಿ ಕಟ್ಟಿ, ಊರಿನ ಹೆಣ್ಣುಮಕ್ಕಳನ್ನು ಕರೆಯಿರಿ. ಯಾವ ಜಾತಿ, ಯಾವ ಮತ ಎಂದು ಕೇಳದೆ ಕರೆಯಿರಿ. ಅಂಡರ್‌ಹ್ಯಾಂಡ್ ಪಾಸಿನಿಂದ ಶುರುಮಾಡಿ.

ನಿಮ್ಮ ಹಿತವನ್ನೇ ಬಯಸುವ,
ಚರ್ಚ್ ಮೈದಾನದ ಒಬ್ಬ ಹಳೆಯ ಲೈನ್ ಅಂಪೈರ್